ಕಿಲೋಮೀಟರಿಗೆ 1,667 ಸುತ್ತು

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಿಂದ ಜಂಕ್ಷನ್ ಎಂಬ ಪುಟ್ಟ ಊರಿಗೆ 115 ಮೈಲಿ, ನಮ್ಮ ಲೆಕ್ಕದಲ್ಲಿ 185 ಕಿಲೋಮೀಟರ್. ಗೆಳೆಯನೊಬ್ಬನ ಜೊತೆ ಪಾಲಿಗೆ ಮಾಡಿರುವ ಪೆಕಾನ್ ತೋಟ ಅಲ್ಲಿದೆ. ವರ್ಷದಲ್ಲಿ 35 ವಾರ ಹೋಗಿ ಬರುತ್ತೇನೆ, ಒಟ್ಟು ಸುಮಾರು 13,000 ಕಿಲೋಮೀಟರ್. ಅಷ್ಟೂ ಇಂಟರ್‌ಸ್ಟೇಟ್ 10ರ ಮೇಲೆ. ಕೆರ್‌ವಿಲ್ ದಾಟಿ ಪಶ್ಚಿಮಕ್ಕೆ ಹೋದಂತೆ ಆ ರಸ್ತೆಯ ವೇಗಮಿತಿ ಗಂಟೆಗೆ 80 ಮೈಲಿ, ಎಂದರೆ 129 ಕಿಲೋಮೀಟರ್.

ನನ್ನ ಗಾಡಿ 1978ರ ಷೆವರ್ಲೆ ಸಿ-20 ಪಿಕಪ್. 5.7 ಲೀಟರಿನ ವಿ-8 ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಎಸ್‌ಎಂ-465 ಗೇರ್‌ಬಾಕ್ಸ್, ಹಿಂದಿನ ಹೌಸಿಂಗಿನಲ್ಲಿ 4.10ರ ಕ್ರೌನ್-ಪಿನಿಯನ್. ಈ ಗಾಡಿ 75 ಮೈಲಿ ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 120 ಕಿ.ಮೀ.ನಲ್ಲಿ ಓಡುವಾಗ ಎಂಜಿನ್ ನಿಮಿಷಕ್ಕೆ 3,353 ಸುತ್ತು ತಿರುಗುತ್ತಿತ್ತು. ಪಕ್ಕದಲ್ಲಿ ಕುಳಿತವರು ಕಿವಿಯ ಹತ್ತಿರ ಬಾಗಿ ಮಾತಾಡಬೇಕು. ಒಂದೂವರೆ ಗಂಟೆ ಹಾಗೆ ಹೋಗಿ ಇಳಿದರೆ ತಲೆಯೊಳಗೆ ಇನ್ನೊಂದು ಗಂಟೆ ಅದೇ ಗುಂಯ್‌ಗುಡುವಿಕೆ.

ಈ ಸುತ್ತನ್ನು ಇಳಿಸಲು ಏನೇನು ದಾರಿ ಇದೆ, ಒಂದೊಂದಕ್ಕೂ ಎಷ್ಟು ಖರ್ಚು, ಖರ್ಚು ಮಾಡಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಎರಡು ವರ್ಷ ಲೆಕ್ಕ ಹಾಕಿದೆ. ಕೊನೆಗೆ ಗೇರ್‌ಬಾಕ್ಸನ್ನೇ ಬದಲಾಯಿಸಿದೆ. ಹಳೆಯ ಪಿಕಪ್ ಇಟ್ಟುಕೊಂಡವರು ಈ ಕೆಲಸಕ್ಕೆ ಕೈಹಾಕುವುದು ಸಾಮಾನ್ಯವಾಗಿ ಪೆಟ್ರೋಲ್ ಉಳಿಯುತ್ತದೆಂಬ ಆಸೆಯಿಂದ. ನನ್ನ ಲೆಕ್ಕ ಹೇಳುವುದೇ ಬೇರೆ. ಪೆಟ್ರೋಲ್ ಉಳಿಯುತ್ತದೆ ನಿಜ, ಆದರೆ ಆ ಉಳಿತಾಯದಿಂದ ಗೇರ್‌ಬಾಕ್ಸಿನ ದುಡ್ಡು ಹುಟ್ಟುವುದಿಲ್ಲ. ಲೆಕ್ಕ ಹಾಕಬೇಕಾದದ್ದು ಸುತ್ತನ್ನು.

ಲೆಕ್ಕಕ್ಕೆ ಎರಡು ಅಳತೆ ಬೇಕು. ಒಂದು ಟೈರಿನದು. ಟೈರಿನ ಮೇಲೆ 235/85 ಆರ್16 ಎಂದು ಬರೆದಿದೆ. ಆ ಅಂಕಿಯಿಂದ ಗುಣಿಸಿದರೆ ವ್ಯಾಸ 806 ಮಿಲಿಮೀಟರ್, ಸುತ್ತಳತೆ 2.53 ಮೀಟರ್ ಬರುತ್ತದೆ. ಆದರೆ ಗಾಡಿಯ ಭಾರಕ್ಕೆ ಟೈರ್ ತಳದಲ್ಲಿ ಚಪ್ಪಟೆಯಾಗಿ ಕೂರುವುದರಿಂದ ಓಡುವಾಗ ಅಷ್ಟು ಸಿಗುವುದಿಲ್ಲ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ, ಗಾಡಿಯನ್ನು ಹತ್ತು ಸುತ್ತು ತಳ್ಳಿ, ಟೇಪ್ ಹಿಡಿದು ಅಳೆದೆವು: 24.6 ಮೀಟರ್. ಸುತ್ತಿಗೆ 2.46. ಪುಸ್ತಕದ ಲೆಕ್ಕಕ್ಕಿಂತ ಶೇ. 3ರಷ್ಟು ಕಡಿಮೆ. ಈ ಶೇ. 3ನ್ನು ಬಿಟ್ಟು ಲೆಕ್ಕ ಹಾಕಿದವರ ಕಾಗದಕ್ಕೂ ಗಾಡಿಯ ಮೀಟರಿಗೂ ಎಂದೂ ತಾಳೆಯಾಗುವುದಿಲ್ಲ.

ಎರಡನೆಯದು ಹೌಸಿಂಗಿನದು. 4.10 ಎಂದು ಮಾರಿದವರು ಹೇಳಿದ್ದರು. 45 ವರ್ಷ ದಾಟಿದ ಗಾಡಿ, ಯಾರು ಯಾವಾಗ ಏನು ಬದಲಾಯಿಸಿದ್ದಾರೋ. ಹೌಸಿಂಗ್ ಬಿಚ್ಚದೆ ತಿಳಿಯುವ ಉಪಾಯ ಒಂದಿದೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ದಿಂಡು ಕೊಟ್ಟು, ಹಿಂದಿನ ಎಡ ಚಕ್ರ ಮಾತ್ರ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಗೇರನ್ನು ನ್ಯೂಟ್ರಲ್ ಮಾಡಿದೆ. ಜಾಯಿಂಟ್ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ನಾನು ಚಕ್ರ ತಿರುಗಿಸುವುದು, ಮಗಳು ಗಾಡಿಯ ಪಕ್ಕದಲ್ಲಿ ಚಾಪೆ ಹಾಸಿ ಮಲಗಿ ಶಾಫ್ಟಿನ ಗೆರೆ ಎಣಿಸುವುದು. ಒಂದೇ ಚಕ್ರ ತಿರುಗುವಾಗ ಡಿಫರೆನ್ಷಿಯಲ್ ಅದನ್ನು ಅರ್ಧ ಮಾಡುತ್ತದೆ. ಚಕ್ರ ಎರಡು ಸುತ್ತು ಬಂದರೆ ಕ್ರೌನ್ ಒಂದು ಸುತ್ತು. ಅದಕ್ಕೇ 20 ಸುತ್ತು ತಿರುಗಿಸಿದೆ.

"ಎಷ್ಟು ಬಂತು ಪುಟ್ಟಿ?"

"ನಲವತ್ತೊಂದು ಅಪ್ಪ. ಗೆರೆ ಸರಿಯಾಗಿ ಕೆಳಗೇ ಬಂದು ನಿಂತಿದೆ."

ಕ್ರೌನ್ 10 ಸುತ್ತಿಗೆ ಪಿನಿಯನ್ 41. ಒಳಗೆ ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಇದ್ದರೆ ಬರುವ ಲೆಕ್ಕವೂ ಅದೇ: 4.10. ಹೌಸಿಂಗಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ.

ಈಗ ಗುಣಾಕಾರ. ಗಾಡಿ ಒಂದು ಕಿಲೋಮೀಟರ್ ಹೋಗಲು ಚಕ್ರ 406.5 ಸಲ ತಿರುಗಬೇಕು. ನಾಲ್ಕನೇ ಗೇರಿನಲ್ಲಿ ಎಂಜಿನ್ನಿಗೂ ಶಾಫ್ಟಿಗೂ ಒಂದೇ ವೇಗ, ಆದ್ದರಿಂದ 406.5ನ್ನು 4.10ರಿಂದ ಗುಣಿಸಿದರೆ ಕಿಲೋಮೀಟರಿಗೆ 1,667 ಸುತ್ತು. 55 ಮೈಲಿ ವೇಗದಲ್ಲಿ ಅದು ನಿಮಿಷಕ್ಕೆ 2,459 ಸುತ್ತು, 65ರಲ್ಲಿ 2,906, 75ರಲ್ಲಿ 3,353, ಪಶ್ಚಿಮದ ಮಿತಿಯಾದ 80ಕ್ಕೆ ಹೋದರೆ 3,576.

55ನ್ನು ಸುಮ್ಮನೆ ಸೇರಿಸಲಿಲ್ಲ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ, 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು ಅಮೆರಿಕದ ಉದ್ದಗಲಕ್ಕೂ 55 ಮೈಲಿಯ ಮಿತಿ ತಂದಿತು. 1987ರಲ್ಲಿ ಹಳ್ಳಿಗಾಡಿನ ಇಂಟರ್‌ಸ್ಟೇಟುಗಳಿಗೆ ಅದು 65ಕ್ಕೆ ಸಡಿಲವಾಯಿತು. 1995ರಲ್ಲಿ ಕೇಂದ್ರದ ಮಿತಿಯೇ ರದ್ದಾಗಿ, ವೇಗ ನಿಗದಿ ಮಾಡುವುದು ರಾಜ್ಯಗಳ ಪಾಲಿಗೆ ಬಂತು. ನನ್ನ ಗಾಡಿ ಕಾರ್ಖಾನೆಯಿಂದ ಹೊರಬಿದ್ದದ್ದು 55ರ ಕಾಲದಲ್ಲಿ. ಹೊಲ, ಗೊಬ್ಬರ, ಕಲ್ಲು, ಹುಲ್ಲಿನ ಪೆಂಡಿ ಇವೇ ಅದರ ಕೆಲಸ. ರಸ್ತೆಗೆ ಬಂದರೆ 55. ಆ ವೇಗಕ್ಕೆ 2,459 ಸುತ್ತು ಹದವಾದ ಅಂಕಿ. ಗಾಡಿಯಲ್ಲಿ ತಪ್ಪೇನಿಲ್ಲ, ಬದಲಾದದ್ದು ರಸ್ತೆ.

ಎಸ್‌ಎಂ-465ರ ಗೇರುಗಳು ಹೀಗಿವೆ: ಒಂದನೆಯದು 6.55, ಎರಡು 3.58, ಮೂರು 1.70, ನಾಲ್ಕು 1.00. ಒಂದನೇ ಗೇರಿಗೆ ಸಿಂಕ್ರೊನೈಜರ್ ಇಲ್ಲ. ಓಡುತ್ತಿರುವಾಗ ಹಾಕಲು ಹೋದರೆ ಕರಕರ ಎಂದು ಹಲ್ಲು ಕಡಿಯುತ್ತದೆ. ಬರಿಗಾಡಿ ಆದರೆ ಎಲ್ಲರೂ ಎರಡನೆಯದರಲ್ಲೇ ಎತ್ತುತ್ತಾರೆ. ಹೆಸರಿಗೆ ನಾಲ್ಕು ಗೇರ್, ರಸ್ತೆಗೆ ಮೂರೇ. ಆದರೆ ಆ ಒಂದನೇ ಗೇರಿನ ಬೆಲೆ ತೋಟದಲ್ಲಿ ಗೊತ್ತಾಗುತ್ತದೆ. 6.55ನ್ನು 4.10ರಿಂದ ಗುಣಿಸಿದರೆ 26.9. ಎಂಜಿನ್ 1,000 ಸುತ್ತಿನಲ್ಲಿದ್ದಾಗ ಗಾಡಿ ಗಂಟೆಗೆ 5.5 ಕಿಲೋಮೀಟರ್, ಮನುಷ್ಯ ಬಿರುಸಾಗಿ ನಡೆಯುವ ವೇಗ.

ಸುತ್ತು ಇಳಿಸಲು ನನ್ನ ಮುಂದೆ ನಾಲ್ಕು ದಾರಿ ಇದ್ದವು.

ದೊಡ್ಡ ಟೈರ್ ಹಾಕುವುದು ಒಂದು. 255/85 ಆರ್16 ಹಾಕಿದರೆ ವ್ಯಾಸ 840 ಮಿ.ಮೀ., ಶೇ. 4.2ರಷ್ಟು ಹೆಚ್ಚು. 75 ಮೈಲಿಗೆ ಸುತ್ತು 3,353ರಿಂದ 3,217ಕ್ಕೆ ಇಳಿಯುತ್ತದೆ. ನಾಲ್ಕು ಟೈರಿಗೆ ನನಗೆ ಹೇಳಿದ್ದು 900 ಡಾಲರ್. 136 ಸುತ್ತಿಗೆ 900 ಡಾಲರ್, ಎಂದರೆ ಒಂದು ಸುತ್ತಿಗೆ 6.62. ಹೇಗೂ ಟೈರ್ ಸವೆದಿದ್ದು ಬದಲಾಯಿಸಲೇಬೇಕು ಎನ್ನುವವರಿಗೆ ಇದು ಬಿಟ್ಟಿ ಸಿಕ್ಕಂತೆ. ನನ್ನ ಟೈರ್ ಹೊಸವು.

ಎರಡನೆಯದು ಕ್ರೌನ್-ಪಿನಿಯನ್ ಬದಲಾಯಿಸುವುದು. 4.10 ತೆಗೆದು 3.73 ಹಾಕಿದರೆ 75 ಮೈಲಿಗೆ 3,050 ಸುತ್ತು. ಗೇರ್ ಜೋಡಿ, ಬೇರಿಂಗ್, ಶಿಮ್, ಸೀಲು, ಕೂಲಿ ಎಲ್ಲ ಸೇರಿ ಅಂದಾಜು 1,050 ಡಾಲರ್. 303 ಸುತ್ತು ಇಳಿಯುತ್ತದೆ, ಸುತ್ತಿಗೆ 3.47. ಕೂಲಿ ಹೆಚ್ಚೆಂದು ಮುಖ ಸಿಂಡರಿಸುವವರು ಆ ಕೆಲಸ ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು, ಕ್ರೌನಿನ ಹಲ್ಲಿಗೂ ಪಿನಿಯನ್ ಹಲ್ಲಿಗೂ ನಡುವೆ ಎಷ್ಟು ಸಡಿಲ ಇರಬೇಕು ಎಂಬುದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವ ತನಕ ಶಿಮ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಆ ಗುರುತು ಅಂಚಿಗೆ ಸರಿದರೆ ಸಾವಿರ ಕಿಲೋಮೀಟರಿನಲ್ಲಿ ಹೌಸಿಂಗ್ ಕೂಗಲು ಶುರು ಮಾಡುತ್ತದೆ. ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯಾದರೆ ಮುಂದಿನ ಹೌಸಿಂಗಿಗೂ ಇದೇ ಖರ್ಚು ಮತ್ತೊಮ್ಮೆ. ಎರಡೂ ಒಂದೇ ಅಂಕಿಯಲ್ಲಿ ಇರಲೇಬೇಕು.

ಮೂರನೆಯದು ಗೇರ್ ವೆಂಡರ್ಸ್ ಕಂಪನಿಯ ಓವರ್‌ಡ್ರೈವ್. ಗೇರ್‌ಬಾಕ್ಸಿನ ಬೆನ್ನಿಗೆ ಕೂರುವ ಪೆಟ್ಟಿಗೆ, ಗೇರ್ 0.778. 75 ಮೈಲಿಗೆ 2,609 ಸುತ್ತು. ಇರುವ ಗೇರ್‌ಬಾಕ್ಸ್ ಹಾಗೇ ಉಳಿಯುತ್ತದೆ, ಪ್ರತಿ ಗೇರಿನ ನಡುವೆ ಅರ್ಧ ಗೇರ್ ಹೆಚ್ಚಾಗಿ ಸಿಗುತ್ತದೆ. ಒಳ್ಳೆಯ ವಸ್ತು, ಆದರೆ ನನ್ನ ಗಾಡಿಗೆ ಕೂರಿಸಲು ಹಾಕಿಕೊಂಡ ಅಂದಾಜು 3,600 ಡಾಲರ್. ಸುತ್ತಿಗೆ 4.84.

ನಾಲ್ಕನೆಯದು ನಾನು ಹಿಡಿದ ದಾರಿ: 1990ರ ದಶಕದ ಜಿಎಂ ಪಿಕಪ್‌ಗಳಲ್ಲಿ ಬಂದ ಎನ್‌ವಿ-4500, ಐದು ಗೇರಿನ ಗೇರ್‌ಬಾಕ್ಸ್. 5.61, 3.04, 1.67, 1.00, ಐದನೆಯದು 0.73. ಮೊದಲ ಕೆಲವು ವರ್ಷಗಳಲ್ಲಿ ಬಂದವುಗಳಲ್ಲಿ ಒಂದನೇ ಗೇರ್ 6.34 ಇರುತ್ತಿತ್ತು, ನನಗೆ ಸಿಕ್ಕಿದ್ದು ಆಮೇಲಿನದು. ಐದನೇ ಗೇರಿನಲ್ಲಿ ಕಿಲೋಮೀಟರಿಗೆ 1,217 ಸುತ್ತು, 75 ಮೈಲಿಗೆ 2,447. ಹಿಂದೆ 55ರಲ್ಲಿ ಎಷ್ಟು ಸುತ್ತಿತ್ತೋ ಈಗ 75ರಲ್ಲಿ ಅಷ್ಟೇ. 55ನ್ನು 0.73ರಿಂದ ಭಾಗಿಸಿದರೆ 75.3 ಬರುತ್ತದೆ. ಈ ಭಾಗಾಕಾರ ಕಾಗದದ ಮೇಲೆ ಕಂಡ ದಿನವೇ ನನ್ನ ಮನಸ್ಸು ಗಟ್ಟಿಯಾಯಿತು.

ಬಿಲ್ಲು ಹೀಗಿದೆ. ಬಳಸಿದ ಎನ್‌ವಿ-4500 ಗೇರ್‌ಬಾಕ್ಸ್ 1,400 ಡಾಲರ್. ಅದನ್ನು ಬಿಚ್ಚಿ ಹೊಸ ಬೇರಿಂಗ್, ಸಿಂಕ್ರೊನೈಜರ್ ರಿಂಗು, ಸೀಲು ಹಾಕಲು 420. ಎಂಜಿನ್ನಿಗೆ ಹೊಂದುವ ಬೆಲ್ ಹೌಸಿಂಗ್ 260. ಎಲ್ಲ ಇಳಿಸಿದ ಮೇಲೆ ಹಳೆಯ ಕ್ಲಚ್ಚನ್ನೇ ಮತ್ತೆ ಏರಿಸುವುದು ದಡ್ಡತನ, ಹೊಸ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ 290. ಹೊಸ ಗೇರ್‌ಬಾಕ್ಸ್ ಉದ್ದ, ಹಾಗಾಗಿ ಜಾಯಿಂಟ್ ಶಾಫ್ಟಿನ ಮುಂದಿನ ತುಂಡನ್ನು ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಲು 310. ಅಡಿಯ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಲು ಕಬ್ಬಿಣ ಮತ್ತು ರಬ್ಬರ್ ಮೌಂಟ್ 90. ಹಳೆಯ ಸ್ಪೀಡೋಮೀಟರಿಗೆ ಗೇರ್‌ಬಾಕ್ಸಿನಿಂದ ಕೇಬಲ್ ಬರುತ್ತಿತ್ತು. ಹೊಸದರಲ್ಲಿ ಕೇಬಲ್ಲಿಗೆ ಜಾಗವೇ ಇಲ್ಲ, ವಿದ್ಯುತ್ ಸೆನ್ಸರ್ ಮಾತ್ರ. ಉಪಗ್ರಹ ನೋಡಿ ವೇಗ ತೋರಿಸುವ ಮೀಟರಿಗೆ 180. ಈ ಗೇರ್‌ಬಾಕ್ಸಿಗೆ ಸಾಮಾನ್ಯ ಗೇರ್ ಆಯಿಲ್ ಆಗದು, ಅದಕ್ಕೆಂದೇ ಮಾಡಿದ ಸಿಂಥೆಟಿಕ್ ಆಯಿಲ್ ನಾಲ್ಕು ಕ್ವಾರ್ಟ್, 3.8 ಲೀಟರಿಗೆ 100. ಸುಮಾರು 90 ಕಿಲೋ ತೂಗುವ ಪೆಟ್ಟಿಗೆಯನ್ನು ಎದೆಯ ಮೇಲೆ ಇಟ್ಟುಕೊಂಡು ಏರಿಸುವ ಧೈರ್ಯ ಯಾರೂ ಮಾಡಬಾರದು, ಅದಕ್ಕೆ ಗೇರ್‌ಬಾಕ್ಸ್ ಜಾಕ್ ಬಾಡಿಗೆ 70. ಒಟ್ಟು 3,120. ಕೂಲಿ ಇದರಲ್ಲಿಲ್ಲ. ಎರಡು ಶನಿವಾರ, ಎರಡು ಭಾನುವಾರ ನಾನೂ ಗೆಳೆಯನೂ ದುಡಿದೆವು. ವರ್ಕ್‌ಷಾಪಿಗೆ ಕೊಡುವವರು ಇದರ ಮೇಲೆ ಕನಿಷ್ಠ ಎರಡು ದಿನದ ಕೂಲಿ ಸೇರಿಸಿಕೊಳ್ಳಬೇಕು.

ಇದಕ್ಕೆ ಇನ್ನೂ 140 ಸೇರಿತು, ಶಾಫ್ಟಿನ ದೆಸೆಯಿಂದ.

ಮೊದಲ ಓಟದಲ್ಲಿ ಗಂಟೆಗೆ 95 ಕಿಲೋಮೀಟರ್ ತನಕ ಗಾಡಿ ಬೆಣ್ಣೆಯಂತೆ ಹೋಯಿತು. ನೂರು ದಾಟುತ್ತಲೇ ಪಾದದ ಕೆಳಗೆ ಝುಮುಝುಮು ಶುರುವಾಯಿತು. 110ಕ್ಕೆ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡಾಗಿ ಕಾಣತೊಡಗಿತು. ಕ್ಲಚ್ ಒತ್ತಿ ಎಂಜಿನ್ ಸುತ್ತು ಇಳಿಸಿದರೂ ನಡುಕ ನಿಲ್ಲಲಿಲ್ಲ, ಗಾಡಿಯ ವೇಗ ಇಳಿದಾಗಲೇ ನಿಂತಿದ್ದು. ಹಾಗಾದರೆ ದೋಷ ಎಂಜಿನ್ನಿನದಲ್ಲ, ಚಕ್ರದ ಜೊತೆ ತಿರುಗುವ ಯಾವುದರದೋ. ಮನೆಗೆ ಬಂದು ಶಾಫ್ಟ್ ಬಿಚ್ಚಿ ನೋಡಿದೆ. ಬ್ಯಾಲೆನ್ಸ್ ಮಾಡಿದ ಶಾಫ್ಟಿನ ಮೇಲೆ ಬೆರಳುಗುರಿನಷ್ಟು ಅಗಲದ ತೂಕದ ತುಂಡುಗಳನ್ನು ಬೆಸೆದಿರುತ್ತಾರೆ. ನನ್ನ ಶಾಫ್ಟಿನ ಮೇಲೆ ಹೊಸ ಬೆಸುಗೆ ಇತ್ತು, ಹೊಸ ಬಣ್ಣ ಇತ್ತು, ಹೊಸ ತುಂಡು ಒಂದೂ ಇರಲಿಲ್ಲ. ಬಿಲ್ಲಿನಲ್ಲಿ ಬ್ಯಾಲೆನ್ಸಿಗೆಂದು ದುಡ್ಡು ಹಿಡಿದಿದ್ದರು. ಇನ್ನೊಂದು ಕಡೆ ಒಯ್ದೆ. ಅಲ್ಲಿನ ಮುದುಕರೊಬ್ಬರು ಶಾಫ್ಟನ್ನು ಎರಡು ಉರುಳೆಗಳ ಮೇಲಿಟ್ಟು, ಡಯಲ್ ಗೇಜಿನ ಮೊನೆ ತಾಗಿಸಿ, ಕೈಯಲ್ಲಿ ನಿಧಾನ ತಿರುಗಿಸಿದರು. ಮುಳ್ಳು 0.8 ಮಿಲಿಮೀಟರ್ ಹೊಯ್ದಾಡಿತು. ಬೆಸುಗೆಯ ಜಾಗದಲ್ಲಿ ಕೊಳವೆ ಸೊಟ್ಟ. ಕಾಯಿಸಿ, ತಣಿಸಿ, ಮತ್ತೆ ಅಳೆದು 0.2ಕ್ಕೆ ತಂದರು. ಎರಡು ತೂಕದ ತುಂಡು ಬೆಸೆದರು. ನಡುಕ ಹೋಯಿತು. ಒಟ್ಟು 3,260.

ಓವರ್‌ಡ್ರೈವ್ ಹಾಕಿಸುವವರು ಯೋಚಿಸದೆ ಬಿಡುವ ವಿಷಯ ಇದು. ಗೇರ್‌ಬಾಕ್ಸ್ ಬದಲಾಯಿಸಿದರೆ ಎಂಜಿನ್ ಸುತ್ತು ಇಳಿಯುತ್ತದೆ, ಶಾಫ್ಟಿನ ಸುತ್ತು ಇಳಿಯುವುದಿಲ್ಲ. ಹೌಸಿಂಗಿನಲ್ಲಿ 4.10 ಹಾಗೇ ಇದೆ. 75 ಮೈಲಿಯಲ್ಲಿ ಎಂಜಿನ್ 2,447 ತಿರುಗುವಾಗ ಶಾಫ್ಟ್ ಮೊದಲಿನಂತೆ 3,353 ತಿರುಗುತ್ತಲೇ ಇರುತ್ತದೆ, ಸೆಕೆಂಡಿಗೆ 56 ಸಲ. ಮೊದಲು ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಶಾಫ್ಟಿನ ಸಣ್ಣ ದೋಷ ಈಗ ಎದ್ದು ಕೇಳುತ್ತದೆ. ಕ್ರೌನ್-ಪಿನಿಯನ್ ಬದಲಾಯಿಸುವುದರಲ್ಲಿ ಇರುವ ಒಂದು ದೊಡ್ಡ ಲಾಭ ಇದೇ: ಶಾಫ್ಟ್, ಕ್ರಾಸು, ಗೇರ್‌ಬಾಕ್ಸ್, ಎಂಜಿನ್ ಎಲ್ಲದರ ಸುತ್ತೂ ಒಟ್ಟಿಗೆ ಇಳಿಯುತ್ತದೆ.

3,260 ಡಾಲರಿಗೆ 906 ಸುತ್ತು. ಸುತ್ತಿಗೆ 3.60. ಕ್ರೌನ್-ಪಿನಿಯನ್ನಿನ 3.47ಕ್ಕೂ ಇದಕ್ಕೂ 13 ಸೆಂಟ್ ವ್ಯತ್ಯಾಸ. ಹಾಗಿದ್ದರೆ ಮೂರನೇ ಒಂದು ಭಾಗದ ಖರ್ಚಿನಲ್ಲಿ ಮುಗಿಯುವ ಕೆಲಸವನ್ನೇ ಏಕೆ ಮಾಡಲಿಲ್ಲ ಎಂದು ಕೇಳಬಹುದು. ಕ್ರೌನ್ ಬದಲಾಯಿಸಿದರೆ ಅದು ಎಲ್ಲ ಗೇರಿನಿಂದಲೂ ಕಪ್ಪ ಕಿತ್ತುಕೊಳ್ಳುತ್ತದೆ. 3.73 ಹಾಕಿದರೆ ಒಂದನೇ ಗೇರಿನ ಎಳೆತ ಶೇ. 9 ಹೋಯಿತು, ಎರಡನೆಯದರದು, ಮೂರನೆಯದರದು, ಏರಿನಲ್ಲಿ ನೆಚ್ಚಿಕೊಳ್ಳುವ ನಾಲ್ಕನೆಯದರದು ಸಹ. ಐದನೇ ಗೇರ್ ಹಾಗಲ್ಲ. ಬೇಕಾದಾಗ ಹಾಕಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು.

ಇದು ಎಷ್ಟು ಮುಖ್ಯ ಎಂಬುದು ಏರಿನ ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ಬರಿಗಾಡಿಯ ತೂಕ 2,300 ಕಿಲೋ ಎಂದಿಟ್ಟುಕೊಳ್ಳಿ. ಗಾಳಿಯನ್ನು ಸೀಳಿಕೊಂಡು, ಟೈರ್ ಉರುಳಿಸಿಕೊಂಡು ಸಮತಟ್ಟು ರಸ್ತೆಯಲ್ಲಿ 65 ಮೈಲಿಯಲ್ಲಿ ಹೋಗಲು ಚಕ್ರಕ್ಕೆ ಸುಮಾರು 30 ಕಿಲೋವ್ಯಾಟ್ ಬೇಕು, 75ಕ್ಕೆ 43. 75 ಮೈಲಿಯಲ್ಲಿ ಐದನೇ ಗೇರಿನ 2,447 ಸುತ್ತಿನಲ್ಲಿ ಇದನ್ನು ಕೊಡಲು, ನಡುವೆ ಸೋರಿಹೋಗುವುದನ್ನೂ ಸೇರಿಸಿ, ಎಂಜಿನ್ 193 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟರೆ ಸಾಕು. 5.7 ಲೀಟರಿನ ಈ ಎಂಜಿನ್ ಆ ಸುತ್ತಿನಲ್ಲಿ 300 ಮೀರಿ ಕೊಡುತ್ತದೆ. ದಮ್ಮು ಬೇಕಾದಷ್ಟಿದೆ.

ಈಗ ಹಿಂದೆ ಒಂದು ಟನ್ ಪೆಕಾನ್ ಹೇರಿ, ನೂರಕ್ಕೆ ನಾಲ್ಕರ ಏರು ಕೊಡಿ. 65 ಮೈಲಿಯಲ್ಲಿ ಆ ಏರಿಗೇ ಬೇರೆ 38 ಕಿಲೋವ್ಯಾಟ್ ಬೇಕು, ಹೊರೆ ಹೊತ್ತ ಟೈರ್ ಉರುಳಿಸಲು ಹೆಚ್ಚಾಗಿ ಬೇಕಾಗುವುದೂ ಸೇರಿ ಒಟ್ಟು 71. ಐದನೇ ಗೇರಿನಲ್ಲಿ 65 ಮೈಲಿಗೆ ಎಂಜಿನ್ 2,121 ಸುತ್ತಿನಲ್ಲಿರುತ್ತದೆ. ಅಲ್ಲಿ ಬೇಕಾಗುವ ತಿರುಚುಬಲ 367 ನ್ಯೂಟನ್ ಮೀಟರ್. ಈ ಎಂಜಿನ್ನಿಗೆ ಅದು ಹೊರಲಾರದ ಹೊರೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏದುಸಿರು ಬಿಡುತ್ತದೆ, ನಾಕ್ ಹೊಡೆಯುತ್ತದೆ, ಪಿಸ್ಟನ್ನಿಗೂ ಬೇರಿಂಗಿಗೂ ಪೆಟ್ಟು. ನಾಲ್ಕಕ್ಕೆ ಇಳಿಸಿದರೆ 2,906 ಸುತ್ತು, 268 ನ್ಯೂಟನ್ ಮೀಟರ್, ಆರಾಮವಾಗಿ ಹತ್ತುತ್ತದೆ. ಕೆರ್‌ವಿಲ್‌ನಿಂದ ಜಂಕ್ಷನ್ ನಡುವಿನ ಗುಡ್ಡಗಳಲ್ಲಿ ನಾನು ಮಾಡುವುದು ಇದನ್ನೇ. ಐದನೇ ಗೇರ್ ಸಮತಟ್ಟಿಗೆ. ಹೇರಿದ ಗಾಡಿಯನ್ನು ಅದರಲ್ಲೇ ಎಳೆಸುತ್ತೇನೆಂದು ಹಟ ಹಿಡಿಯುವವರು ಮೊದಲು ಎಂಜಿನ್ ಕೆಡಿಸುತ್ತಾರೆ, ಆಮೇಲೆ ಐದನೇ ಗೇರನ್ನು. ಎನ್‌ವಿ-4500ರಲ್ಲಿ ಐದನೇ ಗೇರನ್ನು ಶಾಫ್ಟಿನ ಹಿಂತುದಿಯಲ್ಲಿ ಒಂದು ದೊಡ್ಡ ನಟ್ ಹಿಡಿದಿರುತ್ತದೆ. ಡೀಸೆಲ್ ಎಂಜಿನ್ನಿನ ಡಾಜ್ ಪಿಕಪ್‌ಗಳಲ್ಲಿ ಆ ನಟ್ ಸಡಿಲವಾಗಿ ಐದನೇ ಗೇರೇ ಮಾಯವಾಗುವುದು ಹೆಸರುವಾಸಿ ಕಾಯಿಲೆ. ನಮ್ಮದನ್ನು ಬಿಚ್ಚಿದಾಗ ಮೊದಲು ನೋಡಿದ್ದು ಅದನ್ನೇ.

ಎರಡನ್ನೂ ಸೇರಿಸಿ, 3.73 ಮತ್ತು 0.73 ಒಟ್ಟಿಗೆ ಹಾಕಿದರೆ ಹೇಗೆ? 65 ಮೈಲಿಗೆ 1,930 ಸುತ್ತು. ಕೇಳಲು ಚೆಂದ. ಆದರೆ ಅದೇ ಏರಿಗೆ 404 ನ್ಯೂಟನ್ ಮೀಟರ್ ಬೇಕಾಗುತ್ತದೆ, ಸಮತಟ್ಟಿನಲ್ಲೂ ಎದುರುಗಾಳಿ ಬೀಸಿದರೆ ಗೇರ್ ಇಳಿಸಬೇಕಾಗುತ್ತದೆ. ವರ್ಷಕ್ಕೆ ಹತ್ತು ದಿನ ಕೆಲಸಕ್ಕೆ ಬರುವ ಐದನೇ ಗೇರಿಗೆ ನಾಲ್ಕು ಸಾವಿರ ಸುರಿದಂತೆ.

ಕಳೆದುಕೊಂಡದ್ದೂ ಇದೆ. ಹಳೆಯ ಎರಡನೇ ಗೇರಿನ ಒಟ್ಟು ಎಳೆತ 14.7, ಹೊಸದರದು 12.5. ಹೇರಿದ ಗಾಡಿಯನ್ನು ಎರಡರಲ್ಲಿ ಎತ್ತಿದರೆ ಕ್ಲಚ್ ವಾಸನೆ ಬರುತ್ತದೆ. ಈಗ ಒಂದರಲ್ಲೇ ಎತ್ತುತ್ತೇನೆ, ಹೊಸದಕ್ಕೆ ಒಂದನೇ ಗೇರಿಗೂ ಸಿಂಕ್ರೊನೈಜರ್ ಇರುವುದರಿಂದ ಓಡುತ್ತಿರುವಾಗಲೂ ಬೀಳುತ್ತದೆ. ತೋಟದಲ್ಲಿ ನಡಿಗೆಯ ವೇಗ 5.5ರಿಂದ 6.4ಕ್ಕೆ ಏರಿದೆ. ಕಾಯಿ ಆರಿಸುವವರು ಒಂದೆರಡು ಸಲ "ನಿಧಾನ, ನಿಧಾನ" ಎಂದು ಕೂಗಿದ್ದುಂಟು.

ಇನ್ನು ಪೆಟ್ರೋಲ್. ಬದಲಾಯಿಸುವ ಮುಂಚೆ ಆರು ಸಲ, ಬದಲಾಯಿಸಿದ ಮೇಲೆ ಎಂಟು ಸಲ ಟ್ಯಾಂಕ್ ಪೂರ್ತಿ ತುಂಬಿಸಿ, ಅದೇ ದಾರಿ, ಅದೇ 75 ಮೈಲಿ, ಬರಿಗಾಡಿಯಲ್ಲಿ ಬರೆದಿಟ್ಟ ಲೆಕ್ಕ ಇದು: ಮೊದಲು ಲೀಟರಿಗೆ 4.7 ಕಿಲೋಮೀಟರ್, ಈಗ 5.3. ಎಂಜಿನ್ ಸುತ್ತು ಇಳಿದಾಗ ಒಳಗಿನ ತಿಕ್ಕಾಟ ಕಡಿಮೆಯಾಗುತ್ತದೆ, ಅದೇ ಶಕ್ತಿಗೆ ಥ್ರಾಟಲ್ ಹೆಚ್ಚು ತೆರೆದುಕೊಳ್ಳುವುದರಿಂದ ಗಾಳಿ ಎಳೆದುಕೊಳ್ಳುವ ಕಷ್ಟವೂ ಇಳಿಯುತ್ತದೆ. ಆದರೆ ಗಾಡಿಗೆ ಎದುರಾಗುವ ಗಾಳಿ ಮೊದಲಿನಷ್ಟೇ ಇರುತ್ತದೆ. ಸುತ್ತು ಶೇ. 27 ಇಳಿದರೂ ಮೈಲೇಜ್ ಶೇ. 13 ಮಾತ್ರ ಏರಿದ್ದು ಅದಕ್ಕೇ. 13,000 ಕಿಲೋಮೀಟರಿಗೆ 2,766 ಲೀಟರ್ ಬೇಕಾಗುತ್ತಿದ್ದದ್ದು 2,453ಕ್ಕೆ ಇಳಿಯಿತು. ಉಳಿದದ್ದು 313 ಲೀಟರ್, ಸುಮಾರು 83 ಗ್ಯಾಲನ್. ಗ್ಯಾಲನ್ನಿಗೆ 3.20 ಡಾಲರಿನಂತೆ ವರ್ಷಕ್ಕೆ 265 ಡಾಲರ್. ಹಾಕಿದ ದುಡ್ಡು ಹಿಂದಕ್ಕೆ ಬರಲು ಹನ್ನೆರಡು ವರ್ಷ ಮೇಲೆ. ಕೂಲಿ ಕೊಟ್ಟು ಮಾಡಿಸಿದವರಿಗೆ ಇನ್ನೂ ಹೆಚ್ಚು.

ಅದರ ಬದಲು ಒಂದು ಕಾಸೂ ಖರ್ಚಿಲ್ಲದ ಲೆಕ್ಕ ನೋಡಿ. 75ರ ಬದಲು 65ರಲ್ಲಿ ಹೋದರೆ ಗಾಡಿಯನ್ನು ತಡೆಯುವ ಬಲವೇ ಶೇ. 20 ಕಡಿಮೆಯಾಗುತ್ತದೆ. ಜಂಕ್ಷನ್ನಿಗೆ 92 ನಿಮಿಷದ ದಾರಿ 106 ನಿಮಿಷ ಆಗುತ್ತದೆ, ಹೆಚ್ಚಾಗುವುದು 14 ನಿಮಿಷ. ಹೊಸ ಗೇರ್‌ಬಾಕ್ಸಿನಲ್ಲಿ 65ರಲ್ಲಿ ಹೋದಾಗ ನನಗೆ ಲೀಟರಿಗೆ 5.9 ಸಿಕ್ಕಿದೆ. ಪೆಟ್ರೋಲ್ ಉಳಿಸುವುದೊಂದೇ ಗುರಿಯಾದರೆ ಕಾಲನ್ನು ಸ್ವಲ್ಪ ಎತ್ತಿದರೆ ಸಾಕು. ಅಂಥವರಿಗೆ ಗೇರ್‌ಬಾಕ್ಸ್ ಬೇಡವೆಂದೇ ಹೇಳುತ್ತೇನೆ.

ನನಗೆ ದೊಡ್ಡದೆನಿಸುವುದು ಬೇರೆ ಅಂಕಿಗಳು. ಈ ಎಂಜಿನ್ನಿನ ಪಿಸ್ಟನ್ ಒಂದು ಸಲಕ್ಕೆ 88.4 ಮಿಲಿಮೀಟರ್ ಓಡುತ್ತದೆ. 75 ಮೈಲಿಯಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 9.9 ಮೀಟರ್ ಇದ್ದದ್ದು 7.2ಕ್ಕೆ ಇಳಿದಿದೆ. ಎಂಜಿನ್ನಿನ ಜೊತೆ ನೇರ ತಿರುಗುವ ಫ್ಯಾನು ತಿನ್ನುವ ಶಕ್ತಿ ಸುತ್ತಿನ ಘನಕ್ಕೆ ಏರುತ್ತದೆ, ಆ ಲೆಕ್ಕದಲ್ಲಿ ಈಗ ಅದು ಮೊದಲಿನ ಶೇ. 39 ಮಾತ್ರ. ಕಿಲೋಮೀಟರಿಗೆ 450 ಸುತ್ತು ಕಡಿಮೆ, ವರ್ಷಕ್ಕೆ 58 ಲಕ್ಷ 50 ಸಾವಿರ ಸುತ್ತು. 45 ದಾಟಿದ ಎಂಜಿನ್ನಿನ ಬೇರಿಂಗು, ರಿಂಗು, ವಾಲ್ವುಗಳು ಅಷ್ಟು ಕಡಿಮೆ ಸವೆಯುತ್ತವೆ. ಇದನ್ನು ಡಾಲರಿಗೆ ತಿರುಗಿಸಲು ನನಗೆ ಬರುವುದಿಲ್ಲ. ಮಗಳು ಈಗ ಪಕ್ಕದಲ್ಲಿ ಕುಳಿತು ಸಾಮಾನ್ಯ ದನಿಯಲ್ಲೇ ಮಾತಾಡುತ್ತಾಳೆ, ಕೆರ್‌ವಿಲ್ ಬರುವ ಹೊತ್ತಿಗೆ ಒರಗಿ ನಿದ್ದೆ ಹೋಗಿರುತ್ತಾಳೆ.

ಅರಸೀಕೆರೆಯಲ್ಲಿ ತೆಂಗಿನಕಾಯಿ ಸಾಗಿಸಲು ಪಿಕಪ್ ಇಟ್ಟಿರುವ ನನ್ನ ಷಡ್ಡಕ ಫೋನಿನಲ್ಲಿ ಕೇಳಿದ, "ಭಾವ, ನಮ್ಮದಕ್ಕೂ ಹೀಗೆ ಮಾಡಿಸಬಹುದಾ?" ಬೇಡ ಎಂದೆ. ನಮ್ಮಲ್ಲಿ ಈಗ ಬರುವ ಪಿಕಪ್‌ಗಳಿಗೆ ಸಾಮಾನ್ಯವಾಗಿ ಕಾರ್ಖಾನೆಯಿಂದಲೇ ಐದು ಗೇರ್ ಇರುತ್ತದೆ. 2018ರ ಕೇಂದ್ರ ಅಧಿಸೂಚನೆ ಸರಕಿನ ಗಾಡಿಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲೂ ಗಂಟೆಗೆ 80 ಕಿಲೋಮೀಟರನ್ನೇ ಮಿತಿಯಾಗಿ ಇಟ್ಟಿತು. ನನ್ನ ಗಾಡಿಯ ಲೆಕ್ಕದಲ್ಲೇ ಹೇಳುವುದಾದರೆ 120ಕ್ಕೆ 43 ಕಿಲೋವ್ಯಾಟ್ ಬೇಕಾದರೆ 80ಕ್ಕೆ 16 ಸಾಕು, ಆ ವೇಗದಲ್ಲಿ ಇನ್ನೊಂದು ಗೇರ್ ಸೇರಿಸಿ ಗಳಿಸುವುದು ಬಹಳ ಕಡಿಮೆ. ಮೇಲಾಗಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿಕೋ, ಏರಿನಲ್ಲಿ ಮುಂಚಿತವಾಗಿ ಗೇರ್ ಇಳಿಸು ಎಂದು ಹೇಳಿದೆ.

ಹಳೆಯ ಎಸ್‌ಎಂ-465 ಮೂರು ತಿಂಗಳು ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಇತ್ತು. ಹುಲ್ಲು ಬೆಳೆಯುವ ರೈತರೊಬ್ಬರು ಬಂದರು. ಅವರ ಪಿಕಪ್ ಹೊಲ ಬಿಟ್ಟು ರಸ್ತೆಗೆ ಇಳಿಯುವುದೇ ಅಪರೂಪ. ಒಂದನೇ ಗೇರಿಗೆ ಹಾಕಿ, ಗೇರ್‌ಬಾಕ್ಸಿನ ಮುಂದಿನ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಹಿಂದಿನದರ ಮೇಲೆ ಬೆರಳಿಟ್ಟು ಎಣಿಸಿದರು. ಮುಂದೆ ಆರೂವರೆ ಸುತ್ತು ಬಂದಾಗ ಹಿಂದಿನದು ಒಂದು ಸುತ್ತು ಮುಗಿಸುತ್ತಿತ್ತು. "ಇದೇ ಬೇಕಾಗಿತ್ತು" ಎಂದು 250 ಡಾಲರ್ ಎಣಿಸಿ ಕೊಟ್ಟರು. ಅವರ ಹೊಲದಲ್ಲಿ ಪೆಂಡಿ ಏರಿಸುವ ಹುಡುಗರು ಗಾಡಿಯ ಪಕ್ಕದಲ್ಲಿ ನಡೆದುಕೊಂಡೇ ಬರುತ್ತಾರಂತೆ, ಗಂಟೆಗೆ ಐದೂವರೆ ಕಿಲೋಮೀಟರ್. ನನ್ನ ಬಿಲ್ಲು 3,010ಕ್ಕೆ ಇಳಿಯಿತು.